ಹಣೆಯ ಮೇಲೆ ನಾಲ್ಕೂ ಹತ್ತು

ಮಗಳ ಕಾಡಿಗೆ ಡಬ್ಬಿ ತೆರೆದರೆ ಕರ್ಪೂರದ ವಾಸನೆಯ ಹಿಂದೆಯೇ ನನಗೆ ಸೋದರಮಾವನ ಬೈಗುಳ ಕೇಳಿಸುತ್ತದೆ.

ಕದ್ವಾಡದ ಅಜ್ಜಿಮನೆಯ ಅಂಗಳದಲ್ಲಿ ಮಾವ ಬೇಲಿಗೆಂದು ಬಿದಿರು ಸೀಳುತ್ತಿದ್ದ. ಕತ್ತಿ ಜಾರಿ ಮೀನಖಂಡಕ್ಕೆ ಬಿತ್ತು. ರಕ್ತ ಬಾವಿಕಟ್ಟೆಯವರೆಗೂ ಚಿಮ್ಮಿತು ಎಂದು ಬಹಳ ವರ್ಷ ಹೇಳಿಕೊಂಡು ಬಂದೆ. ಬಾವಿ ಇದ್ದದ್ದು ಹಿತ್ತಲಲ್ಲಿ ಎನ್ನುತ್ತಾಳೆ ಅಮ್ಮ.

ಅಜ್ಜಿ ತೆಂಗಿನ ನಾರಿನ ಹುರಿ ಬಿಗಿದಳು. ರಕ್ತ ನಿಲ್ಲಲಿಲ್ಲ. ರಜೆಗೆ ಬಂದಿದ್ದ ನರ್ಸ್ ಚಿಕ್ಕಮ್ಮ ಓಡಿಬಂದು ಗಾಯ ಒತ್ತಿ ಹಿಡಿದಳು. ಆಗಲೂ ನಿಲ್ಲಲಿಲ್ಲ.

"ತೆಳು ಹುರಿ ಚರ್ಮ ಕೊಯ್ತದೆ ಅಷ್ಟೇ, ಆಯಿ. ಅಗಲ ಬಟ್ಟೆ ಬೇಕು."

ಚಿಕ್ಕಮ್ಮ ಮಾವನ ಹೊಸ ಲುಂಗಿಯನ್ನೇ ಹರಿದು ಮೊಣಕಾಲಿನ ಮೇಲೆ, ತೊಡೆಗೆ ಕಟ್ಟಿದಳು. ಗಂಟಿನೊಳಗೆ ಮೀನುಸಾರಿನ ಸೌಟಿನ ಹಿಡಿ ಸಿಕ್ಕಿಸಿ, ರಕ್ತ ನಿಲ್ಲುವವರೆಗೆ ತಿರುಗಿಸಿ, ಹಿಡಿ ಜಾರದಂತೆ ಬಿಗಿದಳು. ಆಮೇಲೆ ನನ್ನ ತಂಗಿಯ ಕಾಡಿಗೆಯಿಂದ ಅವನ ಹಣೆಯ ಮೇಲೆ ಕಟ್ಟು ಬಿಗಿದ ಗಂಟೆ ಬರೆದಳು: ನಾಲ್ಕೂ ಹತ್ತು.

"ಜೀವ ಹೋಗ್ತದೆ, ರಾಕ್ಷಸಿ. ಸ್ವಲ್ಪ ಸಡಿಲ ಮಾಡೇ."

"ಬೈ ಅಣ್ಣ, ಬೈ. ಇದನ್ನ ಡಾಕ್ಟರೇ ಬಿಚ್ಚೂದು."

ಕಾರವಾರದವರೆಗೂ ರಿಕ್ಷಾದಲ್ಲಿ ಮಾವ ಬೈಯುತ್ತಲೇ ಹೋದ. ಬೈಗುಳ ನಿಂತಾಗಲೆಲ್ಲ ಚಿಕ್ಕಮ್ಮ ಕೆನ್ನೆ ತಟ್ಟಿ ಮತ್ತೆ ಶುರು ಮಾಡಿಸುತ್ತಿದ್ದಳು. ಆ ರಿಕ್ಷಾದಲ್ಲಿ ನಾನಿದ್ದೆನೇ? ಖಚಿತವಿಲ್ಲ. ಡಾಕ್ಟರು ಮೊದಲು ಹಣೆ ಓದಿ, ಆಮೇಲೆ ಕಾಲು ನೋಡಿದರಂತೆ.

ವಾರ ಕಳೆದು ಮಾವ ಕುಂಟುತ್ತ, ಎರಡೂ ಕಾಲಿನ ಮೇಲೆ, ಮನೆಗೆ ಬಂದ. ನನ್ನ ನೆನಪಿನಲ್ಲಿ ಆಗಲೂ ಅವನ ಹಣೆಯಲ್ಲಿ ನಾಲ್ಕೂ ಹತ್ತೇ ಇದೆ. ಅಜ್ಜಿ ಅವನ ಕೈಯಿಂದ ಸೌಟು ಇಸಿದುಕೊಂಡು, ಉಜ್ಜಿ ತೊಳೆದು, ಅದರಲ್ಲೇ ಅವನಿಗೆ ಮೊದಲು ಸಾರು ಬಡಿಸಿದಳು.