ಲಕ್ಷಕ್ಕೆ ಒಬ್ಬರು ಕಡಿಮೆ

ಹಾಲು ಕಾಯಲು ಇಟ್ಟು ನೀಲಗಂಗಾ ಮತ್ತೆ ಫೋನು ನೋಡಿದಳು. 99,999. ಬೆಳಗಿನಿಂದ ಇದು ಹನ್ನೊಂದನೇ ಸಲ.

ಹುಬ್ಬಳ್ಳಿಯ ಯಾವ ಓಣಿಗೆ ನಲ್ಲಿ ನೀರು ಬಂದರೂ ಅಲ್ಲಿನ ಸದಸ್ಯರ ಫೋನಿನಲ್ಲಿ ಗಂಟೆ ಬಾರಿಸುವ ಆ್ಯಪ್ ಅವಳದು. ಬಳಸುವವರು ಒಂದು ಲಕ್ಷ ಮುಟ್ಟಿದರೆ ಯಾವ ಆ್ಯಪ್ ಆದರೂ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಯ ಪಾಲು. ಹಿಂದಿನ ಓಣಿಯ ಬಸವಂತನ ಆ್ಯಪ್ ಲಕ್ಷ ಮುಟ್ಟಿದಾಗ ಕಂಪನಿಯವರು ಬಂದು ಅವನಿಗೆ ಶಾಲು ಹೊದಿಸಿ, ಫೋಟೊ ತೆಗೆಸಿಕೊಂಡು, ಮೂರನೇ ದಿನಕ್ಕೆ ಅದನ್ನು ಮುಚ್ಚಿಬಿಟ್ಟರು. ಅಂದಿನಿಂದ ನೀಲಗಂಗಾ ಯಾರಾದರೂ ಬಿಟ್ಟುಹೋದರೆ ಮಾತ್ರ ಹೊಸಬರನ್ನು ಸೇರಿಸುತ್ತಿದ್ದಳು.

ಎದುರುಮನೆಯ ಮಾಬೂಬಿ ಫೋನು ಹಿಡಿದು ಬಾಗಿಲಿಗೆ ಬಂದರು.

"ನಿನ್ನ ಆ್ಯಪ್ ನನ್ನ ಒಳಗ ಬಿಡವಲ್ದು ನೀಲವ್ವ. ನಿನ್ನೆ ನಾ ಸಂತಿಗೆ ಹೋದಾಗ ನೀರು ಬಂದು ಹೋತು. ಮನ್ಯಾಗ ಬಾಣಂತಿ ಅದಾಳ."

"ತಡೀರಿ ಚಾಚಿ, ನೋಡ್ತೀನಿ."

ಅವಳು ಸದಸ್ಯರ ಪಟ್ಟಿ ತೆರೆದಳು. ಯಾರ ಹೆಸರು ಅಳಿಸುವುದಕ್ಕೂ ಮನಸ್ಸಾಗಲಿಲ್ಲ. ಎಲ್ಲರೂ ನೀರಿಗೆ ಕಾಯುವವರೇ. ಪಟ್ಟಿಯ ಮೊದಲ ಹೆಸರು ಅವಳದೇ ಇತ್ತು. ಅದನ್ನು ಅಳಿಸಿ ಮಾಬೂಬಿಯನ್ನು ಸೇರಿಸಿದಳು. ಅಷ್ಟರಲ್ಲಿ ಹಾಲು ಉಕ್ಕಿತ್ತು.

ಅದಾದ ಎಂಟನೇ ದಿನ ಮಧ್ಯಾಹ್ನ ಪೇಟೆಯಿಂದ ಮರಳಿದಾಗ ಓಣಿಯ ಮನೆಗಳ ಮುಂದೆಲ್ಲ ತುಂಬಿದ ಕೊಡಗಳಿದ್ದವು. ಅವಳು ತನ್ನ ನಲ್ಲಿ ತಿರುಗಿಸಿದಳು. ಹನಿಯೂ ಬರಲಿಲ್ಲ. ಕೈ ತಾನಾಗಿ ಫೋನು ತೆಗೆಯಿತು. 99,999.

ಮಾಬೂಬಿ ಕಟ್ಟೆಯ ಮೇಲಿಂದ ಅವಳ ಖಾಲಿ ಕೊಡಗಳನ್ನು ನೋಡಿದರು.

"ಎಲ್ಲಾರ್ಕಿಂತ ಮೊದ್ಲ ನಿನಗ ಗೊತ್ತಾಗಿರ್ತದ ಅಂತ ನಾ ಫೋನ್ ಮಾಡ್ಲಿಲ್ಲ ನೀಲವ್ವ."