ಅರ್ಧ ಗಡ್ಡದಲ್ಲಿ ಪರಾರಿ

ದುರ್ಗಕ್ಕನ ದನಿ ಕೇಳಿದ್ದೇ ತಡ, ರೇವಣಸಿದ್ದ ಸಲೂನಿನ ಕುರ್ಚಿಯಿಂದೆದ್ದು ಹಿಂಬಾಗಿಲಿಂದ ಓಟ ಕಿತ್ತ. ಒಂದು ಕೆನ್ನೆ ನುಣ್ಣಗಾಗಿತ್ತು, ಇನ್ನೊಂದರ ಮೇಲೆ ನೊರೆ ಹಾಗೇ ಇತ್ತು. ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ಕಂಪ್ಲಿ ಬಸ್ಸು ಹೊರಡುತ್ತಿತ್ತು. ಹತ್ತಿ, ಕಿಟಕಿಯಲ್ಲಿ ಕಾಣದಂತೆ ತಲೆ ತಗ್ಗಿಸಿ ಕೂತ.

ಸಂಡೂರು ರಸ್ತೆಯಲ್ಲಿ ದುರ್ಗಕ್ಕನ ಖಾನಾವಳಿ. ಅದಿರು ಲಾರಿಗಳು ಸಾಲುಗಟ್ಟಿ ನಿಲ್ಲತೊಡಗಿದ ಮೇಲೆ ಅವಳ ಒಲೆ ಆರಿದ್ದೇ ಇಲ್ಲ. ಕೈಯಲ್ಲಿ ದುಡ್ಡು ಓಡಾಡುತ್ತಿತ್ತು. ಬಾಯಿಗಂತೂ ಮೊದಲಿನಿಂದಲೂ ಬ್ರೇಕಿಲ್ಲ. ಅವಳಿಗೂ ರೇವಣಸಿದ್ದನಿಗೂ ವಾರದ ಬಡ್ಡಿಯ ವ್ಯವಹಾರ. ವರ್ಷಗಟ್ಟಲೆ ಒಂದು ಸೋಮವಾರವೂ ತಪ್ಪಿರಲಿಲ್ಲ. ಈಗ ಇದ್ದಕ್ಕಿದ್ದಂತೆ ಪಟ್ಟು ಹಿಡಿದಿದ್ದಳು: "ಬಡ್ಡಿ ಸಾಕು. ಅಸಲು ಚುಕ್ತಾ ಆಗ್ಬೇಕು."

ಅಂದಿನಿಂದ ಅವನ ನಿದ್ದೆ ಹಾರಿತ್ತು. ಫೋನ್ ಎತ್ತಲಿಲ್ಲ. ಅವಳು ಮನೆಗೆ ಬಂದರೆ ಹೆಂಡತಿಯಿಂದ ಜ್ವರವೆಂದು ಹೇಳಿಸಿದ.

ಕಂಪ್ಲಿಯಲ್ಲಿ ಅವನ ಶಾಲೆಯ ಗೆಳೆಯ ಕೊಟ್ರಯ್ಯನ ಅಕ್ಕಿ ಗಿರಣಿಯಿತ್ತು. ಇಬ್ಬರೂ ಭೇಟಿಯಾಗಿ ಯಾವ ಕಾಲವಾಗಿತ್ತೋ.

"ಏನಲೇ ಇದು ಅವತಾರ?"

"ಬಡ್ಡಿ ವ್ಯವಹಾರ. ಒಬ್ಬಾಕಿ ಬೆನ್ನು ಹತ್ಯಾಳ. ಎಲ್ಲ್ಯಾರ ಅಡಗಿಸಿಡಪ್ಪ."

ಕೊಟ್ರಯ್ಯ ಅವನನ್ನು ಒಳಗೆ ಕರೆದು ಕೂರಿಸಿದ. ಚಹಾ ತರಿಸಿ, ಮುಂದಿದ್ದ ಪೇಪರನ್ನು ಬಡಿದ. "ಮೀಟರ್ ಬಡ್ಡಿಗೆ ಸರ್ಕಾರ ಮೂಗುದಾರ ಹಾಕ್ತದಂತ. ಮೂಗುದಾರ ಸಾಲ್ದು, ಪೂರ್ತಿ ಬಂದ್ ಮಾಡ್ಬೇಕು."

"ಬಂದ್ ಮಾಡಿದ್ರ ಸಂಬಳ ಆಗೋತನಕ ಗಣಿ ಮಂದಿ ಮಣ್ಣು ತಿನ್ಬೇಕೇನು? ಮಣ್ಣೂ ಚೀನಾಕ್ಕ ಹೊಂಟೈತಿ."

"ಈ ಪಾಡು ಪಟ್ಟೂ ಬಡ್ಡಿ ಪರ ಮಾತಾಡ್ತೀಯಲ್ಲಲೇ! ಭಾಳ ದೊಡ್ಡ ಮನಸ್ಸು ನಿಂದು."

ರೇವಣಸಿದ್ದ ವಿನಯದಿಂದ ಚಹಾ ಹೀರಿದ.

ಅಷ್ಟರಲ್ಲಿ ಗಿರಣಿಯ ಮುಂದೆ ಲಾರಿಯೊಂದು ಕಿರ್ರೆಂದು ನಿಂತಿತು. ಕ್ಯಾಬಿನ್ನಿನಿಂದ ಧುಮುಕಿದವಳು ದುರ್ಗಕ್ಕ. ಅರ್ಧ ಗಡ್ಡದವನ ಜಾಡು ಹಿಡಿಯುವುದು ಅವಳಿಗೆ ಕಷ್ಟವಾಗಿರಲಿಲ್ಲ. ಸಲೂನಿನಿಂದ ಗಿರಣಿಯವರೆಗೂ ಜನ ನಗುತ್ತಾ ಬೆರಳು ತೋರಿಸಿದ್ದರು.

ರೇವಣಸಿದ್ದ ತೌಡಿನ ಚೀಲಗಳ ಹಿಂದೆ ಹಾರಿದ. ತೌಡು ಮೂಗಿಗೇರಿ ಒಂದೇ ಸಮನೆ ಸೀನಿದ. ದುರ್ಗಕ್ಕ ಕಾಲರ್ ಹಿಡಿದು ಹೊರಗೆಳೆದಳು.

"ಬ್ಯಾಡಕ್ಕಾ! ಇನ್ನೊಂದು ವರ್ಷ ಹಿಂಗ ನಡೀಲಿ," ಎಂದು ಅವನು ಗೋಗರೆದ. "ಬೇಕಾದ್ರ ಬಡ್ಡಿ ಮಾತಾಡಿ ಸರಿ ಮಾಡೋಣ."

"ಒಂದು ವಾರನೂ ನಡ್ಯಂಗಿಲ್ಲ. ಇವತ್ತೇ ತೀರ್ಬೇಕು."

ಕೊಟ್ರಯ್ಯನಿಗೆ ನೋಡಲಾಗಲಿಲ್ಲ. ಅಡ್ಡ ಬಂದು ಕೈಮುಗಿದ. "ಯವ್ವಾ, ಬಡವನ್ನ ಬಿಡ್ರಿ. ಆ ಅಸಲು ಎಷ್ಟೈತೋ ಹೇಳ್ರಿ, ನಾ ಕೊಡ್ತೀನಿ."

ದುರ್ಗಕ್ಕ ಸೆರಗಿನ ಗಂಟು ಬಿಚ್ಚಿ, ನೋಟಿನ ಕಟ್ಟನ್ನು ರೇವಣಸಿದ್ದನ ಜೇಬಿಗೇ ತುರುಕಿದಳು. "ನೀವ್ಯಾಕ ಕೊಡ್ತೀರಿ ಅಣ್ಣಾ? ಸಾಲ ತಗೊಂಡಾಕಿ ನಾನು. ಅಸಲು ಕೈಗೆ ಬಂದ್ರ ವಾರದ ಬಡ್ಡಿ ನಿಲ್ತದಂತ ಓಡಿ ಬಂದಾನ್ರಿ ಈ ಸಾವ್ಕಾರ!"