ಬ್ಯಾಟರಿ ಬೆಲ್ಟು

ವಿನ್ಯಾಸಕಿ ಸಬೀಹಾ, ಚೋಂದಮ್ಮನವರ ಸೊಂಟಕ್ಕೆ ಮಾದರಿ ಬೆಲ್ಟು ಕಟ್ಟಿದಳು. ಹೃದಯಕ್ಕೆ ಪಂಪು ಕೂರಿಸಿದ ಮೇಲೆ ಅದರ ಬ್ಯಾಟರಿಯನ್ನು ಸದಾ ಹೀಗೆ ಹೊತ್ತಿರಬೇಕು. ಗಂಡ ಕುಶಾಲಪ್ಪ ಎಷ್ಟು ಬೇಡಿಕೊಂಡರೂ ಚೋಂದಮ್ಮ ಆಪರೇಷನ್ನಿಗೆ ಇನ್ನೂ ಒಪ್ಪಿರಲಿಲ್ಲ.

"ಸೀರೆ ನೆರಿಗೆಗೆ ಅಡ್ಡ ಬರದಿರಲಿ ಅಂತ ಬ್ಯಾಟರಿ ಬೆನ್ನ ಕಡೆ ಇಟ್ಟಿದ್ದೀನಿ, ಆಂಟಿ," ಎಂದಳು ಸಬೀಹಾ, ಹೆಮ್ಮೆಯಿಂದ.

ಚೋಂದಮ್ಮ ತಿರುಗಿ ನಿಂತರು. ಉಟ್ಟಿದ್ದು ಕೊಡಗಿನ ರೀತಿಯ ಸೀರೆ. ನೆರಿಗೆಯೆಲ್ಲ ಹಿಂದೆ, ಬ್ಯಾಟರಿಯಡಿ ಮುದ್ದೆಯಾಗಿತ್ತು. "ಬದುಕಬೇಕಾದ್ರೆ ಇನ್ನು ನೈಟಿಯಲ್ಲೇ ಇರಬೇಕಾ? ದ್ವಾರಕಾದ ಈ ಫ್ಲ್ಯಾಟ್ ಬಿಟ್ಟು ಹೊರಗೇ ಹೋಗಬಾರದಾ?"

ಸಬೀಹಾಳ ಮುಖ ಸಣ್ಣದಾಯಿತು. ಬೆಲ್ಟು ಬಿಚ್ಚಿ ಅವರ ಕೈಗೇ ಕೊಟ್ಟಳು. "ಎಲ್ಲಿ ಬೇಕೋ ಅಲ್ಲಿ ನೀವೇ ಕಟ್ಟಿಕೊಳ್ಳಿ. ಹಾಗೇ ಮಾಡಿಸ್ತೀನಿ."

ಚೋಂದಮ್ಮ ಬ್ಯಾಟರಿಯನ್ನು ಹೊಟ್ಟೆಯ ಕಡೆ ಬರುವಂತೆ ಕಟ್ಟಿ, ಸೆರಗು ಸರಿಮಾಡಿಕೊಂಡು, ಬಾಲ್ಕನಿಯವರೆಗೆ ನಡೆದು ಬಂದರು.

"ರೀ, ಡಾಕ್ಟರಿಗೆ ಫೋನ್ ಮಾಡಿ," ಎಂದರು.